ತಳ ಕಾಣುವ ಹೊಳೆಗೂ ಫಾಸ್ಫೇಟ್ ಪರೀಕ್ಷೆ ಯಾಕೆ?

ಪ್ರಶ್ನೆ: ನಾನಿರುವುದು ಇಂಗ್ಲೆಂಡಿನ ವಿಂಚೆಸ್ಟರ್‌ನಲ್ಲಿ. ಇಲ್ಲಿನ ಇಚೆನ್ ಹೊಳೆ ಎಷ್ಟು ತಿಳಿಯೆಂದರೆ ತಳದ ಒಂದೊಂದು ಕಲ್ಲೂ ಕಾಣುತ್ತದೆ. ಆದರೂ ಊರಿನ ಕೆಲವರು ತಿಂಗಳಿಗೊಮ್ಮೆ ಬಾಟಲಿ ಹಿಡಿದು ಬಂದು ನೈಟ್ರೇಟ್, ಫಾಸ್ಫೇಟ್ ಅಳೆಯುತ್ತಾರೆ. ಇಷ್ಟು ಶುದ್ಧ ನೀರಲ್ಲಿ ಅವರು ಹುಡುಕುವುದೇನು?

ಉತ್ತರ: ಅವೆರಡೂ ಉಪ್ಪಿನ ಹಾಗೆ ನೀರಲ್ಲಿ ಕರಗಿಬಿಡುತ್ತವೆ. ಬಣ್ಣವಿಲ್ಲ, ವಾಸನೆಯಿಲ್ಲ. ತಿಳಿಯಾಗಿರುವುದು ಚಾಕ್ ಹೊಳೆಯ ಹುಟ್ಟುಗುಣ. ಮಳೆನೀರು ಚಾಕ್ ಎಂಬ ಮೆತ್ತನೆಯ ಬಿಳಿ ಸುಣ್ಣಕಲ್ಲಿನೊಳಗೆ ಇಂಗಿ, ಸೋಸಿಕೊಂಡು, ವರ್ಷವಿಡೀ ಸುಮಾರು 10-11 ಡಿಗ್ರಿ ತಂಪಿನಲ್ಲಿ ಒರತೆಯಾಗಿ ಹೊರಬರುತ್ತದೆ. ಇಂಥ ಹೊಳೆಗಳು ಜಗತ್ತಿನಲ್ಲೇ 200 ಚಿಲ್ಲರೆ. ಬಹುಪಾಲು ಇಂಗ್ಲೆಂಡಿನಲ್ಲಿವೆ.

ಆ ಕಲ್ಲು ಮಣ್ಣನ್ನು ಸೋಸುತ್ತದೆ, ನೈಟ್ರೇಟನ್ನು ಸೋಸುವುದಿಲ್ಲ. ಅಂತರ್ಜಲದ ಮಟ್ಟದವರೆಗಿನ ಒಣ ಪದರದಲ್ಲಿ ನೀರು ಇಳಿಯುವುದು ವರ್ಷಕ್ಕೆ ಹೆಚ್ಚುಕಡಿಮೆ 1 ಮೀಟರ್. ಹಾಗಾಗಿ ಇಂದು ಬಾಟಲಿಗೆ ಬರುವ ನೈಟ್ರೇಟಿನಲ್ಲಿ ದಶಕಗಳ ಹಿಂದೆ ಹೊಲಕ್ಕೆ ಚೆಲ್ಲಿದ ಗೊಬ್ಬರದ ಪಾಲೂ ಇರುತ್ತದೆ. ಅದನ್ನು ನೋಡಿ ಈ ವರ್ಷದ ರೈತನನ್ನು ದೂರುವುದು ಅನ್ಯಾಯ.

ಫಾಸ್ಫೇಟಿನ ಲೆಕ್ಕ ಬೇರೆ. ಕೊಳಚೆ ನೀರಿನ ಶುದ್ಧೀಕರಣ ಘಟಕ, ಸೋರುವ ಸೆಪ್ಟಿಕ್ ಟ್ಯಾಂಕ್, ಹೊಲದ ಮಣ್ಣು, ಮೀನು ಸಾಕಣೆ: ಇವುಗಳಿಂದ ಬೇಗನೆ ಹೊಳೆ ಸೇರುತ್ತದೆ. ಹೆಚ್ಚಾದರೆ ಕಲ್ಲುಗಳ ಮೇಲೂ ರನಂಕ್ಯುಲಸ್ ಎಂಬ ಬಿಳಿ ಹೂವಿನ ನೀರುಗಿಡದ ಮೇಲೂ ಕಂದು ಪಾಚಿ ಕಟ್ಟಿ, ಗಿಡಕ್ಕೆ ಬೆಳಕು ತಪ್ಪುತ್ತದೆ. ಫಾಸ್ಫೇಟೂ ನುಣ್ಣನೆಯ ಕೆಸರೂ ಸೇರಿದರೆ ನೀರಲ್ಲೇ ಬೆಳೆಯುವ ಕೆಲವು ಮೇಫ್ಲೈ ಹುಳುಗಳ ಮೊಟ್ಟೆಗಳೇ ಸಾಯುತ್ತವೆ ಎಂದು ಪ್ರಯೋಗಗಳು ತೋರಿಸಿವೆ. ಟ್ರೌಟ್ ಮೀನಿಗೆ ಈ ಹುಳುಗಳೇ ಊಟ.

ಒಂದು ದಿನದ ಒಂದು ಅಂಕಿಯಿಂದ ಏನೂ ತಿಳಿಯದು. ಅದೇ ಜಾಗದಲ್ಲಿ ಮತ್ತೆ ಮತ್ತೆ ಅಳೆದು, ಜೊತೆಗೆ ಹರಿವನ್ನೂ ಗಮನಿಸಬೇಕು. ಬೇಸಿಗೆಯಲ್ಲಿ ನೀರು ಇಳಿದಾಗ ಫಾಸ್ಫೇಟ್ ಏರಿದರೆ, ದಿನವೂ ಒಂದೇ ಸಮ ಸುರಿಯುವ ಮೂಲದ ಮೇಲೆ, ಮುಖ್ಯವಾಗಿ ಕೊಳಚೆ ಘಟಕದ ಮೇಲೆ, ಅನುಮಾನ ಬರುತ್ತದೆ. ಮಳೆಯ ಬೆನ್ನಿಗೇ ಏರಿದರೆ ಹೊಲ, ರಸ್ತೆಗಳ ಕಡೆ ನೋಡಬೇಕು. ಕೊಳವೆ ಬಂದು ಸೇರುವ ಜಾಗದ ಮೇಲೊಂದು, ಕೆಳಗೊಂದು ಮಾದರಿ ತೆಗೆದರೆ ಇನ್ನೂ ಸ್ಪಷ್ಟ. ನನ್ನ ಪ್ರಕಾರ ಅತಿ ಹೆಚ್ಚು ಕೆಲಸಕ್ಕೆ ಬರುವುದು ಈ ಜೋಡಿ ಮಾದರಿಯೇ.

ಫಲಿತಾಂಶ ಹೋಲಿಸುವಾಗ ಎಚ್ಚರ. ಕೆಲವು ಕಿಟ್‌ಗಳು ಪೂರ್ತಿ ಫಾಸ್ಫೇಟಿನ ಲೆಕ್ಕ ಕೊಡುತ್ತವೆ, ಕೆಲವು ಅದರೊಳಗಿನ ರಂಜಕದ್ದು ಮಾತ್ರ. ಮೊದಲನೆಯದು ಎರಡನೆಯದರ ಮೂರು ಪಟ್ಟು. ಫಾಸ್ಫೇಟ್ ಲೀಟರಿಗೆ 0.3 ಮಿಲಿಗ್ರಾಂ ಎಂದರೆ ರಂಜಕ ಸುಮಾರು 0.1 ಅಷ್ಟೇ. ಇದನ್ನು ಬೆರೆಸಿ ಗಾಬರಿಯಾದವರಿದ್ದಾರೆ.

ಬಾಟಲಿಗೆ ಸಿಗದೆ ಹರಿದುಹೋದದ್ದನ್ನು ಹುಳುಗಳು ಹೇಳುತ್ತವೆ. ಅದಕ್ಕೇ ಸ್ವಯಂಸೇವಕರು ತಳವನ್ನು 3 ನಿಮಿಷ ಕಾಲಿನಿಂದ ಕೆದಕಿ, ಬಲೆಗೆ ಬಿದ್ದ ಮೇಫ್ಲೈ, ಕ್ಯಾಡಿಸ್ ಹುಳುಗಳ ಮರಿಗಳನ್ನೂ ಸಿಹಿನೀರಿನ ಸಿಗಡಿಯನ್ನೂ ಎಣಿಸುವುದು.

ನೀವೂ ಅವರ ಜೊತೆ ಇಳಿಯಿರಿ. ಬಾಟಲಿಗೆ ಸೋಪು ಮುಟ್ಟಿಸಬೇಡಿ, ಹೊಳೆಯ ನೀರಿನಿಂದಲೇ ಮೂರು ಸಲ ತೊಳೆಯಿರಿ. ನೀರು ಬರುವ ದಿಕ್ಕಿಗೆ ಮುಖ ಮಾಡಿ ನಿಂತು ತುಂಬಿ, ನಿಮ್ಮ ಕಾಲು ಎಬ್ಬಿಸಿದ ಕೆಸರು ಅದರೊಳಗೆ ಬರಬಾರದು.