ಲಿಂಫೋಮಾ ಚಿಕಿತ್ಸೆಯಲ್ಲಿ ಕಾಂಡಕೋಶದ ಪಾತ್ರ: ಒಂದು ಹಿನ್ನೆಲೆ

ಕೊರಳಿನಲ್ಲಿ ನೋವಿಲ್ಲದ ಗಂಟು, ಬಿಟ್ಟುಬಿಟ್ಟು ಬರುವ ಜ್ವರ, ರಾತ್ರಿಯ ಬೆವರು, ಇಳಿಯುತ್ತ ಹೋಗುವ ತೂಕ. ರೋಣ, ಶಿರಹಟ್ಟಿ, ಹಾನಗಲ್ಲ, ಸವಣೂರುಗಳಿಂದ ಇಂಥ ಲಕ್ಷಣಗಳೊಂದಿಗೆ ಹುಬ್ಬಳ್ಳಿಯ ದವಾಖಾನೆಗೆ ಬರುವವರ ಮನಸ್ಸಿನಲ್ಲಿ ಮೊದಲು ಸುಳಿಯುವುದು ಕ್ಷಯರೋಗ. ಆ ಅನುಮಾನ ತಪ್ಪಲ್ಲ. ನಮ್ಮಲ್ಲಿ ಕ್ಷಯ ಅಷ್ಟು ವ್ಯಾಪಕವಾಗಿದೆ. ಆದರೆ ದುಗ್ಧಗ್ರಂಥಿಗಳ ಕ್ಯಾನ್ಸರ್ ಆದ ಲಿಂಫೋಮಾ ಕೂಡ ಇದೇ ರೂಪದಲ್ಲಿ ಬರುವುದರಿಂದ, ಗಂಟನ್ನು ಪರೀಕ್ಷಿಸದೆ ಕ್ಷಯದ ಗುಳಿಗೆ ಆರಂಭಿಸಿದರೆ ತಿಂಗಳುಗಳೇ ಕಳೆದುಹೋಗುತ್ತವೆ.

ಈ ಗೊಂದಲ ಹೊಸದೇನಲ್ಲ. ಲಂಡನ್ನಿನ ಗೈಸ್ ಆಸ್ಪತ್ರೆಯ ಥಾಮಸ್ ಹಾಜ್ಕಿನ್ 1832ರಲ್ಲಿ ಗ್ರಂಥಿಗಳೂ ಗುಲ್ಮವೂ (ಸ್ಪ್ಲೀನ್) ಊದಿಕೊಂಡು ಸತ್ತವರ ವಿವರಗಳನ್ನು ಪ್ರಕಟಿಸಿದ್ದರು. 1898ರಲ್ಲಿ ವಿಯೆನ್ನಾದ ಕಾರ್ಲ್ ಸ್ಟರ್ನ್‌ಬರ್ಗ್ ಅಂಥ ಗ್ರಂಥಿಗಳಲ್ಲಿ ದೈತ್ಯಕೋಶಗಳನ್ನು ಗುರುತಿಸಿಯೂ ಅದನ್ನು ಕ್ಷಯದ ಒಂದು ಬಗೆ ಎಂದೇ ಭಾವಿಸಿದರು. ಅದು ಬೇರೆಯೇ ರೋಗವೆಂದು 1902ರಲ್ಲಿ ತೋರಿಸಿಕೊಟ್ಟವರು ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಸಂಸ್ಥೆಯ ಯುವ ಸಂಶೋಧಕಿ ಡೊರೋಥಿ ರೀಡ್. ಗೂಬೆಯ ಕಣ್ಣುಗಳಂತೆ ಎರಡು ಕೋಶಕೇಂದ್ರಗಳಿರುವ ಆ ಕೋಶಕ್ಕೆ ಇಂದಿಗೂ ರೀಡ್–ಸ್ಟರ್ನ್‌ಬರ್ಗ್ ಕೋಶವೆಂಬ ಹೆಸರಿದೆ. ಹೆಣ್ಣೆಂಬ ಕಾರಣಕ್ಕೆ ಅಲ್ಲಿ ಮುಂದಿನ ಹುದ್ದೆಯ ಭರವಸೆ ಸಿಗದೆ ರೀಡ್ ಆ ಸಂಸ್ಥೆ ಬಿಟ್ಟರು ಎಂಬುದನ್ನೂ ಇಲ್ಲಿ ಹೇಳಲೇಬೇಕು.

ರೋಗ ಗುರುತು ಸಿಕ್ಕರೂ ಔಷಧ ದೊರೆಯಲು ಇನ್ನೂ ನಾಲ್ಕು ದಶಕ ಬೇಕಾಯಿತು. ಯುದ್ಧದ ವಿಷಾನಿಲದ ಸಂಬಂಧಿಯಾದ ನೈಟ್ರೋಜನ್ ಮಸ್ಟರ್ಡ್ ಅನ್ನು 1942ರಲ್ಲಿ ಯೇಲ್ ವಿಶ್ವವಿದ್ಯಾಲಯದ ಗುಡ್‌ಮನ್ ಮತ್ತು ಗಿಲ್ಮನ್ ಲಿಂಫೋಮಾ ರೋಗಿಯೊಬ್ಬರಲ್ಲಿ ಪ್ರಯೋಗಿಸಿದಾಗ ಗಂಟುಗಳು ಕರಗಿದವು, ಆದರೆ ಕೆಲವೇ ವಾರಗಳಲ್ಲಿ ಮರಳಿದವು. 1960ರ ದಶಕದಲ್ಲಿ ವಿನ್ಸೆಂಟ್ ಡೆವಿಟಾ ಮತ್ತು ಸಂಗಡಿಗರು ನಾಲ್ಕು ಔಷಧಗಳನ್ನು ಒಟ್ಟಿಗೆ ಕೊಟ್ಟು, ರೀಡ್–ಸ್ಟರ್ನ್‌ಬರ್ಗ್ ಕೋಶವಿರುವ ಬಗೆಯಾದ ಹಾಜ್ಕಿನ್ ಲಿಂಫೋಮಾ ಬಹಳ ಮುಂದುವರಿದಿದ್ದರೂ ಪೂರ್ಣ ಗುಣವಾಗಬಲ್ಲದೆಂದು ತೋರಿಸಿದರು. ಆದರೂ ಒಮ್ಮೆ ಹೋಗಿ ಮರಳಿ ಬಂದ ರೋಗಕ್ಕೆ ಇನ್ನೂ ಕಟುವಾದ ಪ್ರಮಾಣ ಬೇಕಿತ್ತು, ಅಷ್ಟು ಕೊಟ್ಟರೆ ರಕ್ತ ತಯಾರಿಸುವ ಅಸ್ಥಿಮಜ್ಜೆಯೇ ಸುಟ್ಟುಹೋಗುತ್ತಿತ್ತು.

ಈ ತೊಡಕನ್ನು ಬಿಡಿಸಿದ್ದು ಕಾಂಡಕೋಶ, ಅಂದರೆ ಮಜ್ಜೆಯಲ್ಲಿದ್ದು ರಕ್ತಕಣಗಳನ್ನು ಹುಟ್ಟಿಸುವ ಮೂಲಕೋಶವಾದ ಸ್ಟೆಮ್ ಸೆಲ್. 1961ರಲ್ಲಿ ಟೊರಾಂಟೊದ ಜೇಮ್ಸ್ ಟಿಲ್ ಮತ್ತು ಅರ್ನೆಸ್ಟ್ ಮೆಕಲಕ್, ವಿಕಿರಣಕ್ಕೆ ಒಡ್ಡಿದ ಇಲಿಗಳಿಗೆ ಬೇರೆ ಇಲಿಗಳ ಮಜ್ಜೆಯನ್ನು ಚುಚ್ಚಿದರು. ಸುಮಾರು ಹತ್ತು ದಿನಗಳಲ್ಲಿ ಗುಲ್ಮದ ಮೇಲೆ ಸಣ್ಣ ಗಂಟುಗಳೆದ್ದವು; ಹೆಚ್ಚು ಮಜ್ಜೆ ಕೊಟ್ಟಷ್ಟೂ ಅವುಗಳ ಸಂಖ್ಯೆ ಹೆಚ್ಚುತ್ತಿತ್ತು. ಒಂದೊಂದು ಗಂಟೂ ಒಂದೇ ಕೋಶದ ಸಂತತಿ ಎಂಬುದು ಮುಂದಿನ ಪ್ರಯೋಗಗಳಲ್ಲಿ ಖಚಿತವಾಯಿತು. ಮನುಷ್ಯರಲ್ಲಿ ಮಜ್ಜೆಯ ಕಸಿಯನ್ನು ಹಲವು ಸೋಲುಗಳ ನಂತರವೂ ಬಿಡದೆ ನೆಲೆಗೊಳಿಸಿದ ಡೊನಾಲ್ ಥಾಮಸ್ ಅವರಿಗೆ 1990ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಬಂತು. ಭಾರತದಲ್ಲಿ 1983ರಲ್ಲಿ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಡಾ. ಸುರೇಶ ಅಡ್ವಾಣಿ ಮೊದಲ ಯಶಸ್ವಿ ಕಸಿ ನಡೆಸಿದರು. ಆ ರೋಗಿ ರಕ್ತ ಕ್ಯಾನ್ಸರಿನ ಬಾಲಕಿ, ಮಜ್ಜೆ ಕೊಟ್ಟವನು ಅವಳ ಸಹೋದರ.

ಲಿಂಫೋಮಾದಲ್ಲಿ ಸಾಮಾನ್ಯವಾಗಿ ದಾನಿ ಬೇಕಾಗುವುದಿಲ್ಲ, ರೋಗಿಯ ಕೋಶಗಳೇ ಸಾಕು. ಕೆಲವು ದಿನ ಚುಚ್ಚುಮದ್ದು ಕೊಟ್ಟು ಮಜ್ಜೆಯ ಕಾಂಡಕೋಶಗಳನ್ನು ರಕ್ತಕ್ಕೆ ಇಳಿಸಿ, ಯಂತ್ರದಿಂದ ಬೇರ್ಪಡಿಸಿ ಶೀತಲೀಕರಿಸಿ ಇಡುತ್ತಾರೆ. ಬಳಿಕ ಕಟುವಾದ ಕಿಮೊಥೆರಪಿ ಕೊಟ್ಟು, ಕರಗಿಸಿದ ಚೀಲವನ್ನು ರಕ್ತನಾಳಕ್ಕೆ ಏರಿಸುತ್ತಾರೆ. ಕೋಶಗಳು ಹೆಪ್ಪುಗಟ್ಟಿ ಒಡೆಯದಂತೆ ಬೆರೆಸಿದ ರಾಸಾಯನಿಕದಿಂದಾಗಿ ಅಂದು ರೋಗಿಯ ಉಸಿರಿಗೂ ಕೋಣೆಗೂ ಬೆಳ್ಳುಳ್ಳಿಯಂಥ ವಾಸನೆ ಹತ್ತುತ್ತದೆ. ಎರಡು ವಾರಗಳ ಆಸುಪಾಸಿನಲ್ಲಿ ಬಿಳಿರಕ್ತಕಣಗಳು ಚೇತರಿಸಿಕೊಳ್ಳುತ್ತವೆ; ಅಲ್ಲಿಯವರೆಗೆ ಸೋಂಕಿನದೇ ಭಯ.

ಇಲ್ಲಿ ಕ್ಯಾನ್ಸರನ್ನು ಕೊಲ್ಲುವುದು ಔಷಧ. ಕಾಂಡಕೋಶ ಆ ಔಷಧದ ಏಟಿನಿಂದ ರೋಗಿಯನ್ನು ಉಳಿಸುತ್ತದೆ, ಅಷ್ಟೆ. ಕೋಶ ಹಾಕಿಸಿದರೆ ರೋಗ ಹೋಗುತ್ತದೆ ಎಂಬ ನಂಬಿಕೆ ಈ ವ್ಯತ್ಯಾಸವನ್ನು ಮರೆಸಿಬಿಡುತ್ತದೆ. 1995ರಲ್ಲಿ ಪ್ರಕಟವಾದ ಪಾರ್ಮಾ ಅಧ್ಯಯನ ಇದಕ್ಕೆ ಸಾಕ್ಷಿ. ಮರಳಿದ ನಾನ್-ಹಾಜ್ಕಿನ್ ಲಿಂಫೋಮಾದ (ಹಾಜ್ಕಿನ್ ಅಲ್ಲದ ಬಗೆಗಳು) 109 ರೋಗಿಗಳಲ್ಲಿ, ಐದು ವರ್ಷಗಳ ನಂತರ ರೋಗ ಮರುಕಳಿಸದೆ ಉಳಿದವರು ಕಸಿ ಪಡೆದ ಗುಂಪಿನಲ್ಲಿ ಶೇ 46, ಸಾಧಾರಣ ಕಿಮೊಥೆರಪಿಯ ಗುಂಪಿನಲ್ಲಿ ಶೇ 12. ಆದರೆ ಆ 109 ಮಂದಿಯೂ ಮೊದಲೇ ಔಷಧಕ್ಕೆ ಸ್ಪಂದಿಸಿದ್ದವರು. ಔಷಧಕ್ಕೆ ಬಗ್ಗದ ರೋಗದಲ್ಲಿ ಕಸಿಯಿಂದ ದೊರೆಯುವ ಲಾಭ ಬಹಳ ಕಡಿಮೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಕೂಡ ಇಂಥ ರಕ್ತಸಂಬಂಧಿ ರೋಗಗಳ ಕಸಿಯನ್ನು ಮಾತ್ರ ಚಿಕಿತ್ಸೆಯೆಂದು ಒಪ್ಪುತ್ತದೆ. ಕಾಂಡಕೋಶದ ಉಳಿದ ಬಳಕೆಗಳು ಅನುಮೋದಿತ ಪ್ರಯೋಗಗಳ ಒಳಗೇ ನಡೆಯಬೇಕು.

ಈಚಿನ ಬೆಳವಣಿಗೆಯೆಂದರೆ ಸಿಎಆರ್-ಟಿ ಚಿಕಿತ್ಸೆ. ಇದರಲ್ಲಿ ರೋಗಿಯ ರಕ್ತದಿಂದ ಟಿ ಕೋಶಗಳೆಂಬ ಬಿಳಿರಕ್ತಕಣಗಳನ್ನು ತೆಗೆದು, ಕ್ಯಾನ್ಸರನ್ನು ಗುರುತಿಸುವಂತೆ ಮಾರ್ಪಡಿಸಿ ಮರಳಿ ಕೊಡುತ್ತಾರೆ. ಅಂದರೆ ಇಲ್ಲಿ ಕೋಶವೇ ಔಷಧ. ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಕೇಂದ್ರದ ಸಂಶೋಧನೆಯಿಂದ ರೂಪುಗೊಂಡ ದೇಶದ ಮೊದಲ ಸಿಎಆರ್-ಟಿ ಚಿಕಿತ್ಸೆಗೆ 2023ರ ಅಕ್ಟೋಬರಿನಲ್ಲಿ ಅನುಮತಿ ದೊರೆಯಿತು. ಅದು ಬಿ ಕೋಶವೆಂಬ ಇನ್ನೊಂದು ಬಗೆಯ ಬಿಳಿರಕ್ತಕಣದ ಕ್ಯಾನ್ಸರ್‌ಗಳಿಗಷ್ಟೇ ಸಲ್ಲುತ್ತದೆ. ರೋಗಿಯದು ಆ ಬಗೆಯೇ ಎಂದು ತಿಳಿಯಲು ಸೂಜಿಯಿಂದ ಹೀರಿದ ನಾಲ್ಕು ಕೋಶಗಳು ಸಾಮಾನ್ಯವಾಗಿ ಸಾಲುವುದಿಲ್ಲ. ಸಾಧ್ಯವಾದಲ್ಲೆಲ್ಲ ಗ್ರಂಥಿಯನ್ನು ಇಡಿಯಾಗಿ ತೆಗೆದು, ಕೆಡದಂತೆ ಕಾಯುವ ಫಾರ್ಮಲಿನ್ ದ್ರಾವಣದಲ್ಲಿಟ್ಟು, ವಿಶೇಷ ಬಣ್ಣಗಳ ಪರೀಕ್ಷೆಗೆ ಕಳಿಸಬೇಕಾಗುತ್ತದೆ.