ಹಸಿ ಓಕ್ ಮರದಲ್ಲಿ ಕಟ್ಟಿದ ಹನ್ನೆರಡು ಅಂಕಣ

ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದ ಮಗ್ಗುಲಲ್ಲೇ ಹಾರ್ಮಂಡ್ಸ್‌ವರ್ತ್ ಎಂಬ ಹಳ್ಳಿಯಿದೆ. ವಿಂಚೆಸ್ಟರ್ ಕಾಲೇಜು ತನ್ನ ಜಮೀನಿನ ಫಸಲು ಕೂಡಿಡಲು 1425–27ರ ಸುಮಾರಿಗೆ ಅಲ್ಲಿ ಕಟ್ಟಿಸಿದ ಮರದ ಬಾರ್ನ್ ಇವತ್ತಿಗೂ ನಿಂತಿದೆ. ಉದ್ದ 58 ಮೀಟರ್, ಅಗಲ 11 ಮೀಟರಿಗೆ ತುಸು ಮೇಲೆ. ನಮ್ಮ ಹಳೇ ಮನೆಗಳ ಲೆಕ್ಕದಲ್ಲಿ 12 ಅಂಕಣ, ಅಂದರೆ ಕಂಬದಿಂದ ಕಂಬಕ್ಕೆ ಒಂದರಂತೆ 12 ಖಾನೆ. ಆರು ಶತಮಾನ ಕಳೆದರೂ ಅದರ ಮರಮುಟ್ಟು ಬಹುಪಾಲು ಮೂಲದ್ದೇ.

ಬಾರ್ನ್ ಎಂದರೆ ಬರೀ ಉಗ್ರಾಣವಲ್ಲ. ನಮ್ಮಲ್ಲಿ ಸುಗ್ಗಿ ಒಣಹವೆಯಲ್ಲಿ ಬರುತ್ತದೆ. ಬಯಲಲ್ಲೇ ಸಗಣಿ ಸಾರಿಸಿ ಕಣ ಮಾಡಿದರೆ ಸಾಕು. ಇಂಗ್ಲೆಂಡಿನಲ್ಲಿ ಕೊಯ್ಲಿನ ಬೆನ್ನಿಗೇ ಮಳೆ ಹಿಡಿಯುತ್ತದೆ. ಹಾಗಾಗಿ ಗೋಧಿ, ಬಾರ್ಲಿಯ ಸಿವುಡುಗಳನ್ನು ತೆನೆಸಮೇತ ಒಳಗೇ ಮೆದೆ ಹಾಕಿ, ಚಳಿಗಾಲವಿಡೀ ಸ್ವಲ್ಪಸ್ವಲ್ಪವಾಗಿ ಬಡಿದು ಒಕ್ಕುತ್ತಿದ್ದರು. ಮೆದೆಯೂ ಕಣವೂ ಒಂದೇ ಸೂರಿನಡಿ. ಬಂಡಿ ಒಳಬರುವ ದೊಡ್ಡ ಬಾಗಿಲಿನ ಅಂಕಣವೇ ಕಣ. ಅನೇಕ ಬಾರ್ನ್‌ಗಳಲ್ಲಿ ಅದಕ್ಕೆ ಎದುರುಬದುರು ಬಾಗಿಲು. ಎರಡನ್ನೂ ತೆರೆದರೆ ಗಾಳಿ ನೇರ ಹಾಯುತ್ತದೆ, ತೂರಿದ ಹೊಟ್ಟು ಬೇರೆಯಾಗುತ್ತದೆ.

ಒಳಗೆ ಎರಡು ಸಾಲು ಕಂಬ. ನಡುವೆ ಎತ್ತರ ಚಾವಣಿಯ ಅಗಲ ಜಾಗ, ಇಬ್ಬದಿಗೆ ಇಳಿಜಾರಿನ ಪಕ್ಕಸಾಲು. ಚಾವಣಿಯ ಭಾರದ ಬಹುಪಾಲು ಈ ಕಂಬಗಳ ಮೇಲೆ. ಹೊರಗೋಡೆ ಹಗುರ ಮರದ ಚೌಕಟ್ಟಿಗೆ ಹೊಡೆದ ಹಲಗೆಯ ಹೊದಿಕೆ. ಇಂಥ ಕಟ್ಟಡಗಳಲ್ಲಿ ಕಂಬವನ್ನು ಸಾಮಾನ್ಯವಾಗಿ ಬುಡ ಮೇಲಾಗಿ ನಿಲ್ಲಿಸುತ್ತಾರೆ. ಕಾರಣ ಸರಳ. ಕಂಬದ ತಲೆಯಲ್ಲಿ ಉದ್ದಕ್ಕೆ ಹೋಗುವ ತೊಲೆ, ಅಡ್ಡತೊಲೆ ಎರಡೂ ಕೂಡಬೇಕು. ಎರಡು ನಾಲಿಗೆ (ಇನ್ನೊಂದು ಮರದ ತೂತಿಗೆ ತೂರುವ ಚಾಚು) ಕೊರೆಯುವಷ್ಟು ದಪ್ಪ ಮರದ ಬುಡದಲ್ಲಿ ಮಾತ್ರ ಸಿಗುತ್ತದೆ. ಆ ಬಡಗಿಗಳ ಜಾಣ್ಮೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಓಕ್ ಮರವನ್ನು ಒಣಗಿಸದೆ ಹಸಿಯಾಗಿಯೇ ಬಳಸುತ್ತಿದ್ದರು. ಒಣಗಿದ ಓಕ್ ಉಳಿಗೆ ಬಗ್ಗದಷ್ಟು ಗಟ್ಟಿ. ಚೌಕಟ್ಟನ್ನು ಮೊದಲು ನೆಲದ ಮೇಲೆ ಮಲಗಿಸಿ ಜೋಡಿಸಿ, ಪ್ರತಿ ಸಂದಿಗೂ ರೋಮನ್ ಅಂಕಿ ಕೆತ್ತಿ, ಬಿಚ್ಚಿ, ಮತ್ತೆ ಎತ್ತಿ ನಿಲ್ಲಿಸುವುದು ಕ್ರಮ. ಸಂದಿಗೆ ಬಿಗಿ ಬರುವುದು ಮರದ ಗೂಟದಿಂದ. ನಾಲಿಗೆಯ ತೂತನ್ನು ಹೊರಗಿನ ತೂತಿಗಿಂತ 2–3 ಮಿ.ಮೀ. ನಾಲಿಗೆಯ ಬುಡದ ಕಡೆಗೆ ಸರಿಸಿ ಕೊರೆಯುತ್ತಾರೆ. ಒಣಗಿದ, ಸೀಳಿ ಮಾಡಿದ ಓಕ್ ಗೂಟವನ್ನು ಹೊಡೆದಾಗ ಅದು ಕೊಂಚ ಬಾಗಿ ನಾಲಿಗೆಯನ್ನು ಒಳಗೆಳೆಯುತ್ತದೆ. ಕಬ್ಬಿಣದ ಮೊಳೆ ಇಲ್ಲಿ ಒಗ್ಗದು. ಹಸಿ ಓಕ್‌ನಲ್ಲಿರುವ ಟ್ಯಾನಿನ್ ಎಂಬ ಒಗರು ಆಮ್ಲ ಕಬ್ಬಿಣವನ್ನು ತಿಂದು ಮರವನ್ನೂ ಕಪ್ಪಾಗಿಸುತ್ತದೆ.

ಮರ ಒಣಗಲು ವರ್ಷಗಟ್ಟಲೆ ಬೇಕು. ಉದ್ದಕ್ಕೆ ಅದು ಕುಗ್ಗುವುದಿಲ್ಲವೆಂದೇ ಹೇಳಬಹುದು, ಕುಗ್ಗುವುದೆಲ್ಲ ಅಡ್ಡಕ್ಕೆ. ಕಂಬದ ಮೈಮೇಲಿನ ಉದ್ದನೆಯ ಬಿರುಕು ನೋಡಿ ಗಾಬರಿಯಾಗಬೇಕಿಲ್ಲ, ಹೆಚ್ಚಿನವು ನಿರಪಾಯ. ನಿಗಾ ಇಡಬೇಕಾದ್ದು ಅಡ್ಡತೊಲೆಯ ತುದಿಯ ಮೇಲೆ. ಬೀಸಣಿಗೆಯಂತೆ ಅಗಲಿಸಿ ಕೊರೆದ ಆ ತುದಿ ಕುಗ್ಗಿದಾಗ ತನ್ನ ಕಚ್ಚಿನಿಂದ ಒಂದಿಷ್ಟು ಜಾರುತ್ತದೆ, ಕಂಬಸಾಲು ಹೊರಕ್ಕೆ ವಾಲುತ್ತದೆ. ಆಗ ಹಿಡಿದು ನಿಲ್ಲಿಸುವುದು ಕಂಬದ ತಲೆಯ ಆ ಎರಡನೇ ನಾಲಿಗೆ ಮತ್ತು ಓರೆ ಆಸರೆಗಳು. ಟ್ರ್ಯಾಕ್ಟರ್ ನುಗ್ಗಲೆಂದು ಅಡ್ಡತೊಲೆ, ಓರೆಗಳನ್ನು ಕತ್ತರಿಸಿದ ಕಡೆಗಳಲ್ಲಿ ಇಡೀ ಚಾವಣಿ ಹರಡಿಕೊಳ್ಳುವುದು ಇದಕ್ಕೇ.

ಇವುಗಳ ದೊಡ್ಡ ಶತ್ರು ಮುಪ್ಪಲ್ಲ, ತೇವ. ಕಂಬಗಳನ್ನು ಕಲ್ಲಿನ ಪೀಠದ ಮೇಲೆ ನಿಲ್ಲಿಸಿದ್ದೇ ನೆಲದ ಪಸೆ ಏರದಿರಲಿ ಎಂದು. ಕಾಲಾಂತರದಲ್ಲಿ ಹೊರಗಿನ ಮಣ್ಣು ಏರುತ್ತದೆ, ಯಾರೋ ಬುಡಕ್ಕೆ ಸಿಮೆಂಟ್ ಮೆತ್ತುತ್ತಾರೆ. ಸಿಮೆಂಟ್ ಬಿರುಕಿನಲ್ಲಿ ಇಳಿದ ನೀರು ಆರಲು ದಾರಿಯಿಲ್ಲದೆ ಮರ ಲಡ್ಡಾಗುತ್ತದೆ, ಹಾಗೆ ಮೆತ್ತಗಾದ ಓಕ್‌ಗೆ ಕೊರೆಯುವ ಹುಳು ಬೀಳುತ್ತದೆ. ಹುಳಕ್ಕೆ ಔಷಧಿ ಸಿಂಪಡಿಸಿ ಸುಮ್ಮನಾಗುವುದು ತಪ್ಪು. ಮೊದಲು ಮಣ್ಣು ತಗ್ಗಿಸಿ, ಸಿಮೆಂಟ್ ಕಿತ್ತು, ಸೋರಿಕೆ ನಿಲ್ಲಿಸಬೇಕು. ಬಳಿಕ ಚಾವಣಿಗೆ ಊರುಗೋಲು ಕೊಟ್ಟು, ಕೊಳೆತ ಬುಡವನ್ನು ಗಟ್ಟಿ ಮರ ಸಿಗುವವರೆಗೆ ಮಾತ್ರ ಕೊಯ್ದು, ಹೊಸ ಓಕ್ ತುಂಡನ್ನು ಓರೆಯಾಗಿ ಒಂದರೊಳಗೊಂದು ಕಚ್ಚುವಂತೆ ಬೆಸೆಯಬೇಕು. ಆ ಸಂದಿಯ ಕೆಳಮೈ ಹೊರಕ್ಕೆ ಇಳಿಜಾರಾಗಿರಲಿ. ನೀರು ಅಲ್ಲಿ ನಿಂತರೆ ಹೊಸ ಮರವೂ ಹಳೆಯದರ ಹಾದಿಯನ್ನೇ ಹಿಡಿಯುತ್ತದೆ.