ಅಕ್ಕಡಿ ಸಾಲು ಹೊಲ ಬಿಟ್ಟ ಕಥೆ

ಮಣ್ಣಿನ ಆರೋಗ್ಯದ ಮಾತು ಬಂದರೆ ಸಾಕು, ಒಬ್ಬರು ಸಾವಯವ ಅಂತಾರೆ, ಇನ್ನೊಬ್ಬರು ಸಹಜ ಕೃಷಿ ಅಂತಾರೆ, ಮತ್ತೊಬ್ಬರು ಮಣ್ಣು ಪರೀಕ್ಷೆಯ ಕಾರ್ಡು ತೋರಿಸುತ್ತಾರೆ. ಕೋಲಾರ, ತುಮಕೂರು, ರಾಮನಗರದ ಕೆಂಪು ಮಣ್ಣಿನ ಹೊಲಗಳಿಗೆ ಏನಾಯಿತು ಅಂತ ತಿಳಿಯಬೇಕಾದರೆ ಅಕ್ಕಡಿ ಸಾಲಿನಿಂದಲೇ, ಅಂದರೆ ರಾಗಿಯ ನಡುವೆ ಬೇರೆ ಕಾಳು ಬಿತ್ತುವ ಸಾಲಿನಿಂದಲೇ ಶುರು ಮಾಡಬೇಕು.

ಮುಂದೆ ರಾಗಿ ಬಿತ್ತುವ ಕೂರಿಗೆ. ಅದರ ಹಿಂದೆ ಹಗ್ಗಕ್ಕೆ ಕಟ್ಟಿದ ಒಂಟಿ ಬಿದಿರ ಕೊಳವೆ, ಅದೇ ಸಡ್ಡೆ. ಅದನ್ನು ಹಿಡಿದವರು ಮಡಿಲಿನಿಂದ ಅವರೆ, ತೊಗರಿ, ಅಲಸಂದೆ ಬಿಡುತ್ತಾ ಬರುತ್ತಿದ್ದರು. ಆರೆಂಟು ಸಾಲು ರಾಗಿಗೆ ಒಂದು ಸಾಲು ಅಕ್ಕಡಿ. ಅಂಚಿಗೆ ಹುಚ್ಚೆಳ್ಳು, ಸಾಸಿವೆ, ಹರಳು. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಈ ಬಿತ್ತನೆಯನ್ನು ನೋಡಿ ಬರೆದಿಟ್ಟಿದ್ದಾನೆ. ಮುಂದಿನ ನೂರೈವತ್ತು ವರ್ಷ ಹೊಲದ ಚಿತ್ರ ಅಷ್ಟೇನೂ ಬದಲಾಗಲಿಲ್ಲ.

ಇದು ಸುಮ್ನೆ ಸಾರಿಗೆ ಕಾಳು ಬೆಳೆದುಕೊಳ್ಳುವ ಉಪಾಯ ಅಲ್ಲ. ರಾಗಿಯ ಬೇರು ಕುಂಚದ ಹಾಗೆ, ಮೇಲುಮಣ್ಣಿನಲ್ಲೇ ಹರಡುತ್ತದೆ. ತೊಗರಿಯ ತಾಯಿಬೇರು ಆಳಕ್ಕೆ ಇಳಿಯುತ್ತದೆ. ಕೆಂಪು ಮಣ್ಣಿನಲ್ಲಿ ಕಬ್ಬಿಣ ಜಾಸ್ತಿ, ಅದು ರಂಜಕವನ್ನು ಹಿಡಿದಿಟ್ಟುಕೊಳ್ಳುತ್ತದೆ. ತೊಗರಿ ಬೇರು ಒಸರುವ ಆಮ್ಲ ಆ ಹಿಡಿತವನ್ನು ಬಿಡಿಸುತ್ತದೆ. ಅಲಸಂದೆ ಗಿಡವೊಂದನ್ನು ಮೆಲ್ಲಗೆ ಕಿತ್ತು ನೋಡಿ. ಬೇರಿಗೆ ಅಂಟಿಕೊಂಡ ಗಂಟು ಚಿವುಟಿದರೆ ಒಳಗೆ ತೆಳು ಗುಲಾಬಿ ಬಣ್ಣ. ಗಾಳಿಯ ಸಾರಜನಕ ಅಲ್ಲೇ ಗೊಬ್ಬರವಾಗುತ್ತಿದೆ ಅನ್ನುವುದರ ಗುರುತು ಅದು.

1960ರ ದಶಕದಿಂದ ರಾಗಿ ತಳಿ ವಿಜ್ಞಾನಿ ಸಿ.ಎಚ್. ಲಕ್ಷ್ಮಣಯ್ಯ ಆಫ್ರಿಕಾದ ರಾಗಿಯನ್ನು ನಮ್ಮ ರಾಗಿಯ ಜೊತೆ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಇಳುವರಿ ಏರಿತು, ಮುದ್ದೆಗೆ ಬರ ಬರಲಿಲ್ಲ. ಅದನ್ನು ತಪ್ಪು ಅನ್ನುವವರು ಯಾರೂ ಇಲ್ಲ. ಹಿಂದೆಯೇ ಯೂರಿಯಾ ಬಂತು, ಎಂಬತ್ತರ ದಶಕದಲ್ಲಿ ಕೋಲಾರದ ರಾಗಿ ಹೊಲಗಳಿಗೆ ನೀಲಗಿರಿ ಬಂತು, ದನ ಕಡಿಮೆಯಾದವು, ತಿಪ್ಪೆ ಸಣ್ಣದಾಯಿತು. 2010ರಲ್ಲಿ ಕೇಂದ್ರದ ಗೊಬ್ಬರ ಸಬ್ಸಿಡಿ ಲೆಕ್ಕ ಬದಲಾದ ಮೇಲೆ ಯೂರಿಯಾ ಮಾತ್ರ ಅಗ್ಗವಾಗಿ ಉಳಿಯಿತು. ಮೂಟೆ ಹೊರುವವರು ಅಗ್ಗದ್ದನ್ನೇ ಹೊರುತ್ತಾರೆ, ಅಲ್ವಾ?

ಆದರೆ ಅಕ್ಕಡಿಗೆ ದೊಡ್ಡ ಪೆಟ್ಟು ಗೊಬ್ಬರದಿಂದ ಬಿದ್ದದ್ದಲ್ಲ ಅನ್ನಿಸುತ್ತದೆ. ಅದು ಕಳೆಯ ದಾರಿಯಲ್ಲಿ ಬಂತು. ಕಳೆ ಕೀಳಲು ಆಳು ಸಿಗದೆ ಹೋದಾಗ ರಾಗಿ ಹೊಲಕ್ಕೆ 2,4-ಡಿ ಅನ್ನುವ ಕಳೆನಾಶಕ ಬಂತು. ಅದು ಹುಲ್ಲು ಜಾತಿಯ ರಾಗಿಯನ್ನು ಬಿಟ್ಟು ಅಗಲ ಎಲೆಯ ಗಿಡಗಳನ್ನು ಸಾಯಿಸುತ್ತದೆ. ಅವರೆ, ತೊಗರಿ, ಹುಚ್ಚೆಳ್ಳು ಎಲ್ಲವೂ ಅಗಲ ಎಲೆಯವೇ. ಔಷಧಿಯ ಕಣ್ಣಿಗೆ ಅವೂ ಕಳೆ. ಆಮೇಲೆ ಕೊಯ್ಲಿನ ಯಂತ್ರ ಬಂತು. ರಾಗಿ ನವೆಂಬರಿನ ಹೊತ್ತಿಗೆ ಕೊಯ್ಲಿಗೆ ಬಂದರೆ ತೊಗರಿ ಇನ್ನೂ ಹಸಿರಾಗಿ ನಿಂತಿರುತ್ತದೆ. ಯಂತ್ರಕ್ಕೆ ಸಾಲು ನೋಡಿ ಬಗ್ಗುವ ಸೊಂಟ ಇಲ್ಲ. ಕೂಲಿ ಲೆಕ್ಕ ಹಾಕಿದ ರೈತ ಒಂದೊಂದನ್ನೇ ಕೈಬಿಟ್ಟ. ಅವನ ಲೆಕ್ಕದಲ್ಲಿ ತಪ್ಪು ಹುಡುಕುವುದು ಕಷ್ಟ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ 1978ರಿಂದ ನಡೆಸಿಕೊಂಡು ಬಂದ ಖುಷ್ಕಿ ಪ್ರಯೋಗ ಒಂದಿದೆ. ಬರೀ ರಾಸಾಯನಿಕ ಗೊಬ್ಬರ ತಿಂದ ತಾಕುಗಳಿಗಿಂತ ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರವನ್ನೂ ಪಡೆದ ತಾಕುಗಳು ಇಳುವರಿಯನ್ನೂ ಮಣ್ಣಿನ ಇಂಗಾಲವನ್ನೂ ಚೆನ್ನಾಗಿ ಕಾಯ್ದುಕೊಂಡವು. 2009ರಲ್ಲಿ ಶುರುವಾದ ರಾಜ್ಯ ಸರ್ಕಾರದ ಭೂಚೇತನ ಯೋಜನೆಯ ಮಣ್ಣು ಪರೀಕ್ಷೆಯಲ್ಲಿ ಸತು, ಬೋರಾನ್, ಗಂಧಕದ ಕೊರತೆ ಕಂಡಿತು. ಮಾಮೂಲಿ ಯೂರಿಯಾ ಮೂಟೆಯಲ್ಲಿ ಈ ಮೂರೂ ಇಲ್ಲ.

ಈಗ ಮಳೆಯೂ ಮೊದಲಿನ ಹಾಗಿಲ್ಲ. 2023ರ ಆಗಸ್ಟ್, 1901ರಿಂದೀಚೆಗೆ ದೇಶ ಕಂಡ ಅತಿ ಒಣ ಆಗಸ್ಟ್. ರಾಗಿ ತೆಂಡೆ ಒಡೆಯುವ ಹೊತ್ತಿಗೆ ಹೀಗೆ ಮಳೆ ಕೈಕೊಟ್ಟರೆ ಒಂಟಿ ರಾಗಿಯ ಹೊಲಕ್ಕೆ ಬೇರೆ ದಾರಿ ಇಲ್ಲ. ಅಕ್ಕಡಿ ಇದ್ದ ಹೊಲದಲ್ಲಿ ಹಿಂಗಾರಿನ ಒಂದೆರಡು ಹದ ಮಳೆಗೆ ತೊಗರಿ, ಅವರೆ ಚೇತರಿಸಿಕೊಂಡು, ರಾಗಿ ಕೊಯ್ದ ಮೇಲೂ ಇಬ್ಬನಿಯಲ್ಲಿ ನಿಂತಿರುತ್ತವೆ. ಅವರೆಗೆ ಸೊಗಡು ಕಟ್ಟುವುದು ಆಗಲೇ.

ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಅಂತ ಕೃಷಿ ವಿಶ್ವವಿದ್ಯಾಲಯದ ಶಿಫಾರಸು ಈಗಲೂ ಇದೆ. 2,4-ಡಿ ಎಷ್ಟು ಹೊಡೆಯಬೇಕು ಅನ್ನುವುದೂ ಇದೆ.